ಅತ್ತೆಯೂ ಬರ್ತಾರಂತೆ

ಅತ್ತೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಆ ಭಾನುವಾರದ ಕತೆಯನ್ನು ಸೊಸೆ ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದಾಳೋ ಅವಳಿಗೇ ನೆನಪಿಲ್ಲ. ಹೇಳುವಾಗೆಲ್ಲ ನಗುತ್ತಾಳೆ. ಆದರೆ ಆ ದಿನ ಅವಳಿಗೆ ನಗು ಬಂದಿರಲಿಲ್ಲ.

ಆಗ ಅವಳಿಗೆ ಇಪ್ಪತ್ತೊಂಬತ್ತು. ಮದುವೆಯಾಗಿ ನಾಲ್ಕು ವರ್ಷ. ದೊಡ್ಡಾಸ್ಪತ್ರೆಯ ಎದುರಿಗಿದ್ದ ಔಷಧಿ ಅಂಗಡಿಯಲ್ಲಿ ಕೆಲಸ. ವಾರದಲ್ಲಿ ಆರು ದಿನ ಕೌಂಟರಿನ ಹಿಂದೆ ನಿಂತು, ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನು ಕಣ್ಣು ಕಿರಿದು ಮಾಡಿ ಓದಿ, ಬೆಳಿಗ್ಗೆ ಒಂದು ರಾತ್ರಿ ಒಂದು, ಊಟಕ್ಕೆ ಮೊದಲು, ಊಟ ಆದಮೇಲೆ ಎಂದು ಮಾತ್ರೆ ಪೊಟ್ಟಣದ ಮೇಲೆ ಬರೆದು ಬರೆದು ಕೈ ಸೋಲುತ್ತಿತ್ತು. ಮನೆ ಎರಡನೇ ಮಹಡಿಯಲ್ಲಿ, ಎರಡು ಕೋಣೆ ಮತ್ತು ಒಂದು ಅಡುಗೆಮನೆ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವನ ಕೆಲಸಕ್ಕೆ ಭಾನುವಾರ ಸೋಮವಾರ ಎಂಬ ಭೇದವಿಲ್ಲ. ಯಾವ ಕಟ್ಟಡದಲ್ಲಿ ಯಾರು ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡರೂ ಅವನು ಸ್ಪಾನರು ಚೀಲ ಹೆಗಲಿಗೇರಿಸಿ ಓಡಬೇಕು.

ಉಳಿದವರು ಅತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದು, ಹಿಂದಿನ ವರ್ಷ ನಿವೃತ್ತಿಯಾಗಿ ಮನೆ ಸೇರಿದ್ದರು. ಕೆಟ್ಟವರಲ್ಲ. ಒಂದು ದಿನವೂ ಗದರಿದವರಲ್ಲ. ಸೊಸೆ ತೊಳೆದಿಟ್ಟ ಪಾತ್ರೆಯನ್ನು ತುಟಿ ಪಿಟಕ್ಕೆನ್ನದೆ ಮತ್ತೊಂದು ಸಲ ತೊಳೆದಿಡುತ್ತಿದ್ದರು, ಅಷ್ಟೇ. ಸೊಸೆ ಮಡಿಸಿದ ಬಟ್ಟೆಯನ್ನು ಬಿಡಿಸಿ ಮಡಿಸುತ್ತಿದ್ದರು. ಹಾಲು ಬಂತಾ, ಗ್ಯಾಸ್ ಮುಗೀತಾ, ನಲ್ಲಿ ಬಂತಾ, ಈ ಮೂರು ಪ್ರಶ್ನೆ ಬಿಟ್ಟರೆ ಇಬ್ಬರ ನಡುವೆ ನಾಲ್ಕನೆಯ ಮಾತು ಇರಲಿಲ್ಲ. ಗದರಿದ್ದರೆ ಎದುರು ಮಾತಾಡಬಹುದಿತ್ತು. ಮಾತೇ ಆಡದವರ ಜೊತೆ ಜಗಳ ಆಡುವುದು ಹೇಗೆ?

ಅಂಗಡಿಗೆ ಹದಿನೈದು ದಿನಕ್ಕೊಮ್ಮೆ ಮಂಡಿಗೆ ಹಚ್ಚುವ ಮುಲಾಮು ಕೊಳ್ಳಲು ಒಬ್ಬ ಬಸ್ ಡ್ರೈವರ್ ಬರುತ್ತಿದ್ದ. ಕೂತು ಮಾಡುವ ಕೆಲಸದವನಿಗೆ ಮಂಡಿ ಯಾಕೆ ನೋಯುತ್ತದೆ ಎಂದು ಅವಳು ಒಂದು ದಿನ ಕೇಳಿದಳು. ಅವನು ನಕ್ಕು, ಭಾನುವಾರ ಬೆಟ್ಟ ಹತ್ತುತ್ತೇವೆ, ನಾಲ್ಕು ಜನ ಇದ್ದೇವೆ, ಬೇಕಾದರೆ ನೀನೂ ಬಾ ತಂಗಿ ಎಂದ. ಅವಳು ಮುಂದಿನ ಭಾನುವಾರವೇ ಹೋದಳು. ಬೆಟ್ಟದ ಮೇಲೆ ಆಸೆಯಿಟ್ಟುಕೊಂಡಲ್ಲ, ಮನೆಯಿಂದ ಹೊರಗೆ ಒಂದಿಡೀ ದಿನ ಸಿಗುತ್ತದಲ್ಲ ಅಂತ.

ಆ ಗುಂಪಿಗೆ ಬೋರ್ಡೂ ಇರಲಿಲ್ಲ, ರಸೀದಿ ಪುಸ್ತಕವೂ ಇರಲಿಲ್ಲ. ಡ್ರೈವರಣ್ಣ ಮುಖಂಡ. ಯಾವ ಬಸ್ಸು ಯಾವ ಗುಡ್ಡದ ಬುಡಕ್ಕೆ ಎಷ್ಟು ಹೊತ್ತಿಗೆ ಹೋಗುತ್ತದೆ, ಕೊನೆಯ ಬಸ್ಸು ಯಾವಾಗ ಎಂಬುದೆಲ್ಲ ಅವನಿಗೆ ಬಾಯಿಪಾಠ. ಎರಡನೆಯವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಒಂದೇ ದಾರಿಯಿರುವ ಗುಡ್ಡದಲ್ಲೂ ದಾರಿ ತಪ್ಪಬಲ್ಲ ಆಸಾಮಿ, ಅದಕ್ಕೇ ಎಲ್ಲರೂ ಅವರನ್ನು ದಿಕ್ಸೂಚಿ ಎಂದು ಕರೆಯುತ್ತಿದ್ದರು. ಮೂರನೆಯವನು ಫೋಟೋ ಸ್ಟುಡಿಯೋ ಇಟ್ಟವನು, ಡೊಳ್ಳು ಹೊಟ್ಟೆ, ಹೆಗಲಿಗೆ ಎರಡು ಕ್ಯಾಮೆರಾ, ಹತ್ತು ಹೆಜ್ಜೆಗೊಮ್ಮೆ ಫೋಟೋ ತೆಗೆಯುವ ನೆಪದಲ್ಲಿ ದಮ್ಮು ತಿರುಗಿಸಿಕೊಳ್ಳುವವನು. ನಾಲ್ಕನೆಯವನು ಬೇಕರಿಯವನು. ಎಲ್ಲರ ಪಾಲಿನ ಬನ್ನು ಅವನ ಚೀಲದಲ್ಲಿ. ಆ ಚೀಲಕ್ಕಾಗಿಯೇ ಅವನನ್ನು ಸೇರಿಸಿಕೊಂಡಿದ್ದೇವೆ ಎಂದು ಉಳಿದವರು ಅವನ ಮುಖದೆದುರೇ ಹೇಳುತ್ತಿದ್ದರು.

ನಾಲ್ಕು ತಿಂಗಳು ಅವಳು ಹಾಗೆ ಹೋಗಿ ಬಂದಳು. ಮನೆಗೆ ಬರುವಾಗ ಕೆನ್ನೆ ಬಿಸಿಲಿಗೆ ಕೆಂಪಾಗಿ, ಹೊಟ್ಟೆ ಹಸಿದು, ಕಾಲು ಸೋತು, ಮನಸ್ಸು ಹಗುರಾಗಿರುತ್ತಿತ್ತು. ಅತ್ತೆ ನೋಡುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಆಮೇಲೆ ಆ ಭಾನುವಾರ ಅವಳು ಚೀಲ ಹಿಡಿದು ಹೊರಟರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ನೀರಿನ ಬಾಟಲಿ ಕೈಯಲ್ಲಿ ಹಿಡಿದು.

"ಅಲ್ಲಿ ಏನಿದೆ ಅಂತ ನಾನೂ ಒಂದ್ಸಲ ನೋಡ್ತೀನಿ," ಎಂದರು.

ಬಸ್ ನಿಲ್ದಾಣದಲ್ಲಿ ನಾಲ್ವರ ಮುಖವೂ ಇಳಿದು ಹೋಯಿತು. ಸೊಸೆ ಎಲ್ಲರ ಮುಖ ನೋಡುತ್ತಾ, ಅತ್ತೆಯೂ ಬರ್ತಾರಂತೆ ಎಂದಳು, ಯಾರೋ ತೀರಿಹೋದ ಸುದ್ದಿ ಹೇಳುವ ದನಿಯಲ್ಲಿ. ಡ್ರೈವರಣ್ಣ ಮಾತ್ರ ಸಾವರಿಸಿಕೊಂಡು, ಬನ್ನಿ ಅಮ್ಮಾ, ಇವತ್ತು ಚಿಕ್ಕ ಗುಡ್ಡಕ್ಕೇ ಹೋಗೋಣ ಎಂದ. ಎಲ್ಲರ ಲೆಕ್ಕಾಚಾರವೂ ಒಂದೇ: ಅರ್ಧ ದಾರಿಗೆ ಈಕೆ ಕೂತುಬಿಡುತ್ತಾರೆ, ಮುಂದಿನ ವಾರ ಬರುವುದಿಲ್ಲ.

ಅತ್ತೆ ಕೂರಲಿಲ್ಲ. ಅದೇ ತಮಾಷೆ. ಎಲ್ಲರಿಗಿಂತ ನಿಧಾನ, ಆದರೆ ನಿಲ್ಲುವುದು ಅಂತ ಇಲ್ಲ. ಗಡಿಯಾರದ ಮುಳ್ಳು ಹೋದ ಹಾಗೆ ಹೋಗುತ್ತಲೇ ಇದ್ದರು. ಉಳಿದವರು ಓಡುತ್ತಾರೆ, ಏದುಸಿರು ಬಿಡುತ್ತಾ ಬಂಡೆಗೆ ಒರಗುತ್ತಾರೆ, ನೀರು ಕುಡಿಯುತ್ತಾರೆ, ಅಷ್ಟರಲ್ಲಿ ಅತ್ತೆ ಪಕ್ಕದಲ್ಲೇ ಹಾದು ಮುಂದೆ ಹೋಗಿರುತ್ತಾರೆ. ತುದಿ ತಲುಪಿದವರಲ್ಲಿ ಅವರು ಎರಡನೆಯವರು. ಮೇಲೆ ನಿಂತು ಸುತ್ತ ನೋಡಿದರು. ಕೆಳಗೆ ಊರು, ಸಾಲು ಸಾಲು ಚಾವಣಿ, ಎಕ್ಸ್‌ಚೇಂಜಿನ ಗೋಪುರ.

"ಮೂವತ್ತೊಂದು ವರ್ಷ ಆ ಕಿಟಕಿಯಿಲ್ಲದ ಕೋಣೇಲಿ ಕೂತಿದ್ದೆ," ಎಂದರು. ಯಾರಿಗೆ ಹೇಳಿದರು ಎಂದು ತಿಳಿಯಲಿಲ್ಲ. ಆಮೇಲೆ ಬೇಕರಿಯವನ ಕಡೆ ತಿರುಗಿ, ಬನ್ನು ಇನ್ನೊಂದಿದೆಯಾ ಎಂದು ಕೇಳಿದರು.

ಮುಂದಿನ ವಾರವೂ ಬಂದರು. ಅರ್ಧ ಏರಿನಲ್ಲಿ, ಉಳಿದವರು ಕೊಂಚ ಮುಂದೆ ಹೋದಾಗ, ಸೊಸೆಯ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು.

"ನೀನು ಇಲ್ಲಿಗೆ ಬರೋದು ನನ್ನಿಂದ ತಪ್ಪಿಸ್ಕೊಳ್ಳೋಕೆ, ಅಲ್ವಾ?"

ಸೊಸೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸುಳ್ಳು ಹೇಳೋಣವೆಂದರೆ ಏರಿನಲ್ಲಿ ಉಸಿರು ಸಾಲದು. "ಹೌದು ಅತ್ತೆ," ಎಂದಳು.

"ಸರಿ. ಹಾಗಾದ್ರೆ ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ. ನಾನೂ ಬರೋದು ಅದಕ್ಕೇನೆ. ಆ ಮನೇಲಿ ಇಡೀ ದಿನ ನನ್ನ ಜೊತೆ ನಾನೇ ಇರಬೇಕು."

ಅಂದಿನಿಂದ ಅದೊಂದು ಒಪ್ಪಂದವಾಯಿತು. ಬಸ್ಸಿನಲ್ಲಿ ಒಬ್ಬರು ಮುಂದಿನ ಸೀಟು, ಒಬ್ಬರು ಹಿಂದಿನ ಸೀಟು. ಬೆಟ್ಟದಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ. ಊಟಕ್ಕೆ ಕೂತಾಗ ಎದುರುಬದುರು. ಮನೆಯಲ್ಲಿ ಎಂದೂ ಬಾಯಿ ಬಿಡದ ಅತ್ತೆ ಅಲ್ಲಿ ಎಕ್ಸ್‌ಚೇಂಜಿನ ಕತೆ ಹೇಳಿ ಎಲ್ಲರ ಹೊಟ್ಟೆ ಹುಣ್ಣಾಗಿಸುತ್ತಿದ್ದರು. ಪ್ರತಿ ಶುಕ್ರವಾರ ಒಬ್ಬ ಫೋನು ಮಾಡಿ ಹೆಂಡತಿಯ ಮೇಲೆ ದೂರು ಹೇಳುತ್ತಿದ್ದುದು, ಆ ಹೆಂಡತಿಯೂ ಪ್ರತಿ ಶನಿವಾರ ಫೋನು ಮಾಡಿ ಅವನ ಮೇಲೆ ದೂರು ಹೇಳುತ್ತಿದ್ದುದು, ಇಬ್ಬರಿಗೂ ಅತ್ತೆ ಹೌದು ಹೌದು ಎನ್ನುತ್ತಿದ್ದುದು. ಸೊಸೆ ಬನ್ನು ಕಚ್ಚಿಕೊಂಡು, ಈ ಹೆಂಗಸು ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದರಾ ಎಂದು ನೋಡುತ್ತಾ ಕೂರುತ್ತಿದ್ದಳು.

ಮಂಜಿನ ಪ್ರಸಂಗ ನಡೆದದ್ದು ಅದಾದ ಏಳೆಂಟು ತಿಂಗಳಿಗೆ.

ಅವತ್ತು ಹೋಗಿದ್ದು ದೊಡ್ಡ ಬೆಟ್ಟಕ್ಕೆ. ಅದರ ನೆತ್ತಿಯಿಂದ ಒಂದು ಉದ್ದನೆಯ ದಿಣ್ಣೆ ಹೊರಡುತ್ತದೆ, ಎಮ್ಮೆಯ ಬೆನ್ನಿನ ಹಾಗೆ. ಎಡಕ್ಕೆ ಹುಲ್ಲಿನ ಇಳಿಜಾರು, ಬಲಕ್ಕೆ ನೇರ ಪ್ರಪಾತ. ಊಟ ಮುಗಿಸಿ ದಿಣ್ಣೆಯ ಮೇಲೆ ಎಲ್ಲರೂ ಚದುರಿದ್ದರು. ಸ್ಟುಡಿಯೋದವನು ಯಾವುದೋ ಹಕ್ಕಿಯ ಹಿಂದೆ ಹೋಗಿದ್ದ. ಬೇಕರಿಯವನು ಬಂಡೆಯ ಮರೆಗೆ ಹೋಗಿದ್ದ. ಮೇಷ್ಟ್ರು ಚಿತ್ರ ಬರೆಯಲು ಜಾಗ ಹುಡುಕುತ್ತಾ ಎಲ್ಲಿಗೋ ಹೋಗಿದ್ದರು. ಡ್ರೈವರಣ್ಣ ಇಳಿಯುವ ದಾರಿ ನೋಡಿ ಬರುತ್ತೇನೆಂದು ಮುಂದೆ ಹೋಗಿದ್ದ. ಎರಡು ಗಂಟೆಯ ಸುಮಾರು. ಬಿಸಿಲಿತ್ತು. ಹಾಗೆ ನೋಡುತ್ತಿದ್ದಂತೆಯೇ ಕಣಿವೆಯಿಂದ ಮಂಜು ಎದ್ದು ಬಂತು. ಐದು ನಿಮಿಷದಲ್ಲಿ ಸೊಸೆಗೆ ಚಾಚಿದ ತನ್ನ ಕೈಯೇ ಕಾಣದಾಯಿತು.

ಮೊದಲು ಕೂಗಿದವನು ಡ್ರೈವರಣ್ಣ. ಎಲ್ಲರೂ ಈ ಕಡೆ ಬನ್ನಿ ಎಂದ. ಈ ಕಡೆ ಎಂದರೆ ಯಾವ ಕಡೆ? ಬೇಕರಿಯವನು ಇನ್ನೆಲ್ಲಿಂದಲೋ ಕೂಗಿದ. ಸ್ಟುಡಿಯೋದವನು ಅವನಿಗೆ ಉತ್ತರ ಕೊಟ್ಟ. ಮಂಜಿನಲ್ಲಿ ಸದ್ದು ಬರುವ ದಿಕ್ಕು ತಿಳಿಯುವುದಿಲ್ಲ. ಒಂದರ ಮೇಲೊಂದು ಕೂಗು ಬಿದ್ದು, ಕಲ್ಲು ಉರುಳುವ ಸದ್ದು ಕೇಳಿ, ಯಾರೋ ಓಡುತ್ತಿದ್ದಾರೆ ಎಂದು ಸೊಸೆಗೆ ಗೊತ್ತಾಯಿತು. ಅವಳ ಪಕ್ಕದಲ್ಲಿ ಕೂತಿದ್ದ ಅತ್ತೆ ಎದ್ದು ನಿಂತರು.

"ಎಲ್ಲರೂ ಇದ್ದಲ್ಲೇ ನಿಲ್ಲಿ. ಈಗ ನಾನೊಬ್ಬಳೇ ಮಾತಾಡ್ತೀನಿ. ಯಾರ ನಂಬರ್ ಕರೀತೀನೋ ಅವರು ಮಾತ್ರ ಉತ್ತರ ಕೊಡಿ."

ಕೂಗಲಿಲ್ಲ. ದನಿ ಎತ್ತರಿಸಲೂ ಇಲ್ಲ. ಒಂದೊಂದು ಅಕ್ಷರವನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ, ಸಪಾಟಾಗಿ, ತಣ್ಣಗೆ ಹೇಳಿದರು. ಗರಗರ ಸದ್ದಿನ ತಂತಿಗಳ ಮೇಲೆ, ನೂರಾರು ಮೈಲಿಯಾಚೆಯ ಕಿವಿಗೆ ಮಾತು ಮುಟ್ಟಿಸಿ ರೂಢಿಯಾದ ದನಿ ಅದು. ಮಂಜನ್ನು ಸೀಳಿಕೊಂಡು ಹೋಯಿತು. ಎಲ್ಲ ಸದ್ದೂ ನಿಂತಿತು.

"ಒಂದನೇ ನಂಬರ್, ಡ್ರೈವರ್. ಇದ್ದೀರಾ?"

"ಇದ್ದೀನಿ ಅಮ್ಮಾ."

"ಲೈನಲ್ಲೇ ಇರಿ. ಎರಡನೇ ನಂಬರ್, ಸ್ಟುಡಿಯೋ."

ಹೀಗೆ ಒಬ್ಬೊಬ್ಬರನ್ನೇ ಕರೆದು, ಯಾರು ಎಲ್ಲಿದ್ದಾರೆ, ಕಾಲ ಕೆಳಗೆ ಹುಲ್ಲಿದೆಯೋ ಕಲ್ಲಿದೆಯೋ ಎಂದು ವಿಚಾರಿಸಿಕೊಂಡರು. ಹುಲ್ಲಿನ ಮೇಲಿದ್ದವರನ್ನು ಮೊದಲು ಕರೆದುಕೊಂಡರು. ತಮ್ಮ ದನಿಯ ಕಡೆಗೇ ಹೆಜ್ಜೆ ಹೆಜ್ಜೆಯಾಗಿ ಬರಲು ಹೇಳಿ, ಅವರು ಬಂದು ತಮ್ಮ ಭುಜ ಮುಟ್ಟುವ ತನಕ ಒಂದೇ ಸಮನೆ ಮಾತಾಡುತ್ತಿದ್ದರು. ಡ್ರೈವರಣ್ಣ ಬಂದ. ಬೇಕರಿಯವನು ಬಂದ. ಸ್ಟುಡಿಯೋದವನು ಮಂಡಿ ತರಚಿಕೊಂಡು ಬಂದ. ಕೊನೆಗೆ ಉಳಿದವರು ಮೇಷ್ಟ್ರು. ಅವರ ದನಿ ಬಲಗಡೆಯಿಂದ, ಸ್ವಲ್ಪ ಕೆಳಗಿನಿಂದ ಬಂತು. ಕಾಲ ಕೆಳಗೆ ಸಣ್ಣ ಸಣ್ಣ ಜಲ್ಲಿ ಇದೆ, ಜಾರುತ್ತಿದೆ ಎಂದರು.

ಡ್ರೈವರಣ್ಣ ಹೊರಡಲು ಎದ್ದ. ಅತ್ತೆ ಅವನ ತೋಳು ಹಿಡಿದು ಕೂರಿಸಿದರು.

"ಮೇಷ್ಟ್ರೇ, ಕೂತ್ಕೊಳ್ಳಿ. ಕೂತ್ರಾ? ಈಗ ಕೈಯಿಂದ ಸುತ್ತ ತಡವಿ ನೋಡಿ. ಯಾವ ಕಡೆ ಎತ್ತರ ಇದೆಯೋ ಆ ಕಡೆ ಮುಖ ಮಾಡಿ. ಎದ್ದು ನಿಲ್ಲಬೇಡಿ. ಅಂಬೆಗಾಲಲ್ಲಿ ಬನ್ನಿ, ಅವಸರ ಏನೂ ಇಲ್ಲ. ಬರ್ತಾ ಬರ್ತಾ ನಿಮ್ಮ ಕ್ಲಾಸಿನ ಮಕ್ಕಳ ಹೆಸರು ಹೇಳ್ತಾ ಬನ್ನಿ, ಹಾಜರಿ ಕೂಗಿದ ಹಾಗೆ."

ಮೇಷ್ಟ್ರು ಹಾಜರಿ ಕೂಗಿದರು. ಕ್ಲಾಸಿನಲ್ಲಿ ಒಟ್ಟು ನಲವತ್ತು ಹೆಸರು. ಕೆಲವು ಹೆಸರಿನ ನಡುವೆ ಬಹಳ ಹೊತ್ತು ಸುಮ್ಮನಾಗುತ್ತಿದ್ದರು, ಆಗ ಅತ್ತೆ "ಆಮೇಲೆ ಯಾರು?" ಎಂದು ಕೇಳುತ್ತಿದ್ದರು, ಆಪರೇಟರ್ ಕೇಳುವ ಅದೇ ದನಿಯಲ್ಲಿ. ಸೊಸೆ ಅತ್ತೆಯ ಎಡಗೈ ಹಿಡಿದುಕೊಂಡಿದ್ದಳು. ಯಾವಾಗ ಹಿಡಿದುಕೊಂಡಳೋ ಅವಳಿಗೇ ತಿಳಿಯದು. ಆ ಕೈ ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿತ್ತು. ದನಿಯಲ್ಲಿ ಒಂದು ಎಳೆ ನಡುಕವಿಲ್ಲ, ಕೈ ಮಾತ್ರ ನಿಲ್ಲದೆ ನಡುಗುತ್ತಿತ್ತು. ಸೊಸೆ ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದಳು.

ಮೂವತ್ತೇಳನೆಯ ಹೆಸರಿಗೆ ಮೇಷ್ಟ್ರು ಬಂದು ಅತ್ತೆಯ ಪಾದ ಮುಟ್ಟಿದರು, ಅಂಬೆಗಾಲಲ್ಲೇ. ಆರು ಜನ ಒಬ್ಬರಿಗೊಬ್ಬರು ಅಂಟಿಕೊಂಡು ಒಂದು ಗಂಟೆ ಕೂತರು. ಮಂಜು ಬಂದ ಹಾಗೆಯೇ ಹೋಯಿತು. ಹೋದ ಮೇಲೆ ನೋಡಿದರೆ, ಮೇಷ್ಟ್ರ ಚಿತ್ರದ ಹಲಗೆ ಜಲ್ಲಿಯ ಮೇಲೆ ಬಿದ್ದಿತ್ತು. ಅದರಿಂದ ಮೂರು ಹೆಜ್ಜೆ ಆಚೆಗೆ ನೆಲವೇ ಇರಲಿಲ್ಲ. ಅದನ್ನು ತರಲು ಯಾರೂ ಹೋಗಲಿಲ್ಲ. ವಾಪಸು ಬಸ್ಸಿನಲ್ಲಿ ಅತ್ತೆ ಮತ್ತು ಸೊಸೆ ಒಂದೇ ಸೀಟಿನಲ್ಲಿ ಕೂತರು. ಅರ್ಧ ದಾರಿಯಲ್ಲಿ ಅತ್ತೆ, ನನಗೆ ಬಹಳ ಹೆದರಿಕೆ ಆಗಿತ್ತು ಕಣೇ ಎಂದರು. ಗೊತ್ತಾಯ್ತು ಅತ್ತೆ ಎಂದಳು ಸೊಸೆ.

ಮನೆಯಲ್ಲಿ ಇಬ್ಬರೂ ಬಾಯಿ ಬಿಡಲಿಲ್ಲ. ಆದರೆ ಬೇಕರಿಯವನ ಬಾಯಿಗೆ ಬೀಗ ಹಾಕುವವರು ಯಾರು? ಬುಧವಾರ ಸಂಜೆ ಬ್ರೆಡ್ಡು ತರಲು ಹೋದ ಅತ್ತೆಯ ಮಗನಿಗೆ, ನಿಮ್ಮಮ್ಮ ಎಂಥ ಗಟ್ಟಿಗಿತ್ತಿ ಎಂದು ಶುರು ಮಾಡಿ ಪ್ರಪಾತದ ಆಳದವರೆಗೆ ಎಲ್ಲ ಹೇಳಿಬಿಟ್ಟ. ಮಗ ಮನೆಗೆ ಬಂದು ಬ್ರೆಡ್ಡನ್ನು ಮೇಜಿನ ಮೇಲಿಟ್ಟ. ಕೂಗಾಡಲಿಲ್ಲ. ಕೆಟ್ಟ ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಬೋರ್ಡು ನೇತುಹಾಕುವಷ್ಟೇ ತಣ್ಣಗೆ, ಅಮ್ಮನಿಗೆ ಅರವತ್ತರ ಮೇಲಾಯಿತು, ಇನ್ನು ಬೆಟ್ಟ ಗಿಟ್ಟ ಸಾಕು ಎಂದ. ಹೆಂಡತಿಗೆ, ನೀನು ಬೇಕಾದರೆ ಹೋಗು ಎಂದ. ಅತ್ತೆ ಆಯಿತಪ್ಪ ಎಂದು ಎದ್ದು ಹೋಗಿ ಪಾತ್ರೆ ತೊಳೆದರು. ಅವತ್ತು ತೊಳೆದ ಪಾತ್ರೆಗಳನ್ನು ಮೂರು ಸಲ ತೊಳೆದರು.

ಎರಡು ಭಾನುವಾರ ಸೊಸೆಯೂ ಹೋಗಲಿಲ್ಲ. ಮೂರನೆಯ ಶನಿವಾರ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ, ತಲೆಯೆತ್ತದೆ, ನಿಮ್ಮ ತಂಗಿಗೆ ಹುಷಾರಿಲ್ಲ ಅಂತ ಇಟ್ಕೊಳ್ಳಿ ಅತ್ತೆ ಎಂದಳು.

ಅತ್ತೆಯ ತಂಗಿಯ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಆಕೆ ಗುಂಡುಕಲ್ಲಿನ ಹಾಗೆ ಇದ್ದರು. ಅಂದಿನಿಂದ ಪಾಪ ಆಕೆಗೆ ಬರಬಾರದ ಕಾಯಿಲೆಗಳೆಲ್ಲ ಬಂದವು. ಔಷಧಿ ಅಂಗಡಿಯವಳು ಕಾಯಿಲೆ ಕಟ್ಟುವುದರಲ್ಲಿ ಹಿಂದೆ ಬೀಳುತ್ತಾಳೆಯೇ? ಒಂದು ವಾರ ಕಾಲಿನ ಬಾವು, ಒಂದು ವಾರ ತಲೆಸುತ್ತು, ಇನ್ನೊಂದು ವಾರ ಹೆಸರು ಹೇಳಲೂ ಬಾರದ ಎಂಥದೋ. ಪ್ರತಿ ಭಾನುವಾರ ಅತ್ತೆ ಸೊಸೆ ಇಬ್ಬರೂ ಹಣ್ಣಿನ ಚೀಲ ಹಿಡಿದು ರೋಗಿಯನ್ನು ನೋಡಲು ಹೊರಡುತ್ತಿದ್ದರು. ಶೂಗಳು ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕೆಮ್ಮಿನ ಸಿರಪ್ಪಿನ ಖಾಲಿ ಪೆಟ್ಟಿಗೆಯೊಳಗೆ ಇರುತ್ತಿದ್ದವು. ಹಣ್ಣನ್ನು ಆರು ಜನ ಬೆಟ್ಟದ ಮೇಲೆ ತಿನ್ನುತ್ತಿದ್ದರು. ಒಂದು ಸಲ ಮಗ, ಚಿಕ್ಕಮ್ಮನನ್ನು ನಾನೂ ನೋಡಿ ಬರುತ್ತೇನೆ ಎಂದು ಅಂಗಿ ಹಾಕಿಕೊಂಡ. ಚಿಕ್ಕಮ್ಮ ಆ ಕ್ಷಣವೇ ಗುಣವಾಗಬೇಕಾಯಿತು. ಹದಿನೈದು ದಿನ ಬಿಟ್ಟು ಮತ್ತೆ ಮಲಗಿದರು.

ಮನೆಯಲ್ಲಿ ಈಗ ನಾಲ್ಕನೆಯ ಮಾತು ಬಂದಿತ್ತು. ರಾತ್ರಿ ಊಟದ ಹೊತ್ತಿಗೆ ಮಗ ಚಿಕ್ಕಮ್ಮನ ಕ್ಷೇಮ ಕೇಳಿದಾಗ ಅತ್ತೆ ಒಂದು ಎಳೆ ಹೇಳಿದರೆ ಸೊಸೆ ಇನ್ನೊಂದು ಎಳೆ ಸೇರಿಸುತ್ತಿದ್ದಳು. ಆಮೇಲೆ ಇಬ್ಬರೂ ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದರು. ಆ ಎಂಟು ತಿಂಗಳು ತನ್ನ ಬದುಕಿನಲ್ಲಿ ಅತಿ ಸುಖದ ಕಾಲ ಎಂದು ಸೊಸೆ ಇಂದಿಗೂ ಹೇಳುತ್ತಾಳೆ. ಗಂಡನಿಗೆ ಮಾಡಿದ ಮೋಸದ ಕಾಲ ಅದು ಎಂಬುದನ್ನೂ ಸೇರಿಸಿಯೇ ಹೇಳುತ್ತಾಳೆ.

ಗುಟ್ಟು ರಟ್ಟು ಮಾಡಿದವನು ಸ್ಟುಡಿಯೋದವನು. ಬಾಯಿಂದಲ್ಲ, ಫೋಟೋದಿಂದ. ಬೋಳು ಗುಡ್ಡದ ತುದಿಯಲ್ಲಿ ಅತ್ತೆ ಯಾವುದಕ್ಕೋ ತಲೆ ಹಿಂದಕ್ಕೆ ಚೆಲ್ಲಿ ನಕ್ಕಿದ್ದರು, ಕೂದಲು ಗಾಳಿಗೆ ಕೆದರಿತ್ತು. ಆ ಚಿತ್ರ ಬಹಳ ಚೆನ್ನಾಗಿ ಬಂದಿದೆಯೆಂದು ಅವನು ಅದನ್ನು ಆಳೆತ್ತರಕ್ಕೆ ದೊಡ್ಡದು ಮಾಡಿಸಿ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ನಿಲ್ಲಿಸಿದ. ಎದುರಿನ ಐದು ಮಹಡಿ ಕಟ್ಟಡದಲ್ಲಿ ಲಿಫ್ಟಿನ ಹಗ್ಗ ಬದಲಿಸಲು ಮಗ ಬಂದಿದ್ದ. ಚಹಾ ಕುಡಿಯಲು ರಸ್ತೆಗಿಳಿದವನು ಕಿಟಕಿಯೆದುರು ನಿಂತ. ಅವನು ಅಲ್ಲಿ ಎಷ್ಟು ಹೊತ್ತು ನಿಂತಿದ್ದನೆಂದರೆ ಚಹಾ ಆರಿ ಹೋಯಿತು, ಅದನ್ನು ಚೆಲ್ಲಿ ಮತ್ತೊಂದು ತರಿಸಿದೆ ಎಂದು ಸ್ಟುಡಿಯೋದವನು ಆಮೇಲೆ ಹೇಳಿದ. ಯಾರು ಇವರು ಎಂದು ಮಗ ಕೇಳಿದನಂತೆ. ನಮ್ಮ ಗುಂಪಿನ ಆರನೇ ನಂಬರ್ ಎಂದನಂತೆ ಇವನು, ಕೇಳುತ್ತಿರುವವನು ಯಾರೆಂದು ತಿಳಿಯದೆ.

ಮಗ ಮನೆಯಲ್ಲಿ ಏನೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಅತ್ತೆ ಸೊಸೆ ಹಣ್ಣಿನ ಚೀಲ ಹಿಡಿದು ಹೊರಟಾಗ ಅವನು ಆಗಲೇ ಬಾಗಿಲಲ್ಲಿ ಕೂತು ಶೂ ಲೇಸು ಕಟ್ಟುತ್ತಿದ್ದ. ನಾನೂ ಬರುತ್ತೇನೆ, ಚಿಕ್ಕಮ್ಮನನ್ನು ನೋಡಿ ಬಹಳ ದಿನವಾಯಿತು ಎಂದ. ಚಿಕ್ಕಮ್ಮನಿಗೆ ಈಗ ವಾಸಿಯಾಗಿದೆ ಎಂದು ಅತ್ತೆ ಹೇಳಿದ್ದಕ್ಕೆ, ವಾಸಿಯಾದವರನ್ನೂ ನೋಡಬಹುದು ಎಂದ.

ಮೂವರೂ ನಿಲ್ದಾಣದವರೆಗೆ ನಡೆದರು. ಚಿಕ್ಕಮ್ಮನ ಮನೆಗೆ ಹೋಗುವ ಬಸ್ಸು ಬಂತು, ನಿಂತಿತು, ಹೋಯಿತು. ಅತ್ತೆ ಹತ್ತಲಿಲ್ಲ. ಬೆಟ್ಟದ ಬಸ್ಸು ಬಂದಾಗ ಚಪ್ಪಲಿಗಾಲಲ್ಲೇ ಹತ್ತಿ ಕಿಟಕಿಯ ಪಕ್ಕ ಕೂತರು. ಮಗ ಹಿಂದಿನಿಂದ ಹತ್ತಿದ. ಸೊಸೆ ಕೊನೆಗೆ ಹತ್ತಿದಳು, ತಪ್ಪು ಔಷಧಿ ಕೊಟ್ಟು ಸಿಕ್ಕಿಬಿದ್ದವಳ ಹಾಗೆ. ಬಸ್ಸಿನಲ್ಲಿ ಆಗಲೇ ಕೂತಿದ್ದ ನಾಲ್ವರೂ ಕಿಟಕಿಯಿಂದಾಚೆ ಏನೋ ವಿಶೇಷ ಇರುವಂತೆ ನೋಡುತ್ತಾ ಉಳಿದರು.

ದಿನವಿಡೀ ಎತ್ತರದಲ್ಲೇ ಕೆಲಸ ಮಾಡುವ ಮಗನಿಗೆ ಕಾಲಿನಿಂದ ಎತ್ತರ ಹತ್ತಿ ಅಭ್ಯಾಸವಿರಲಿಲ್ಲ. ಕಾಲು ಗಂಟೆಗೆ ಅಂಗಿ ಬೆನ್ನಿಗೆ ಅಂಟಿತು. ಅತ್ತೆ ಎಂದೂ ನಿಲ್ಲದವರು ಅವತ್ತು ಪ್ರತಿ ತಿರುವಿನಲ್ಲೂ ನಿಂತರು. ಅವನು ಬಂದು ಸೇರುವ ತನಕ ಕಾದು, ಸೇರಿದ ಮೇಲೆ ಮುಂದೆ ನಡೆಯುತ್ತಿದ್ದರು. ಐದನೆಯ ತಿರುವಿನಲ್ಲಿ ಅವನು ಬಂಡೆಯ ಮೇಲೆ ಕೂತುಬಿಟ್ಟ. ಸೊಸೆ ಹತ್ತು ಹೆಜ್ಜೆ ದೂರದಲ್ಲಿ ನಿಂತಳು. ಅಲ್ಲಿಗೆ ಎಲ್ಲ ಕೇಳಿಸುತ್ತಿತ್ತು.

"ಎಂಟು ತಿಂಗಳು ನನಗೆ ಸುಳ್ಳು ಹೇಳಿದ್ರಿ," ಎಂದ.

"ಹೇಳಿದ್ವಿ," ಎಂದರು ಅತ್ತೆ.

"ನಾನು ಅಷ್ಟು ಕೆಟ್ಟವನಾ ಅಮ್ಮ?"

"ಕೆಟ್ಟವನಾಗಿದ್ರೆ ಜಗಳ ಆಡಿ ಬರ್ತಿದ್ದೆ. ನೀನು ಇನ್ನೊಂದ್ಸಲ ಬೇಡ ಅಂದಿದ್ರೆ ನಿಜವಾಗ್ಲೂ ಬಿಟ್ಬಿಡ್ತಿದ್ದೆ. ಬಿಡೋಕೆ ನನಗೆ ಇಷ್ಟ ಇರಲಿಲ್ಲ."

ಅವನು ಬೆವರು ಒರೆಸಿಕೊಂಡ. ಆಮೇಲೆ, "ಆ ಫೋಟೋದಲ್ಲಿ ನೀನು ಅಂತ ಮೊದಲು ಗುರುತೇ ಸಿಗಲಿಲ್ಲ," ಎಂದ. "ನೀನು ಹಾಗೆ ನಗೋದನ್ನ ನಾನು ನೋಡೇ ಇಲ್ಲ."

ಅತ್ತೆ ಅವನ ಪಕ್ಕದಲ್ಲಿ ಕೂತು ಚೀಲದಿಂದ ಕಿತ್ತಳೆ ತೆಗೆದು ಸುಲಿದು ಕೊಟ್ಟರು. ಚಿಕ್ಕಮ್ಮನಿಗೆಂದು ಅವನೇ ತಂದಿಟ್ಟ ಕಿತ್ತಳೆ. ಅವನು ತಿಂದ. ಹೆಂಡತಿಯ ಕಡೆ ತಿರುಗಿ, ನೀನೂ ಬಾ, ಅಲ್ಲೇನು ಕಳ್ಳಿಯ ಹಾಗೆ ನಿಂತಿದ್ದೀಯ ಎಂದ. ಅವಳು ಬಂದು ಕೂತಾಗ ಅವಳಿಗೂ ಒಂದು ತೊಳೆ ಕೊಟ್ಟ. ಆದರೂ ಅವನ ಮುನಿಸು ಪೂರ್ತಿ ಇಳಿಯಲು ಒಂದು ತಿಂಗಳು ಹಿಡಿಯಿತು. ತುದಿಗೆ ಅವನು ಬಂದದ್ದು ಆ ಒಂದೇ ಸಲ. ಕೆಳಗಿಳಿದು, ನಿಮ್ಮ ದಮ್ಮಯ್ಯ, ಇನ್ನು ನನ್ನನ್ನು ಕರೆಯಬೇಡಿ, ನೀವು ಹೋಗಿ ಬನ್ನಿ ಎಂದು ಕೈ ಮುಗಿದ.

ಅತ್ತೆ ಒಂಬತ್ತು ವರ್ಷ ಬೆಟ್ಟ ಹತ್ತಿದರು. ಮಳೆಯಲ್ಲಿ ನೆನೆದರು, ಎರಡು ಸಲ ಕೊನೆಯ ಬಸ್ಸು ತಪ್ಪಿಸಿಕೊಂಡು ಎಲ್ಲರ ಜೊತೆ ಹಾಲಿನ ಲಾರಿಯಲ್ಲಿ ಕ್ಯಾನುಗಳ ನಡುವೆ ಕೂತು ಬಂದರು. ಒಮ್ಮೆ ಮೇಷ್ಟ್ರಿಗೆ ಜ್ವರ ಬಂದಾಗ ಎಲ್ಲರೂ ಬೆಟ್ಟ ಬಿಟ್ಟು ಅವರ ಹಾಸಿಗೆಯ ಸುತ್ತ ಚೀಲ ಸಮೇತ ಕೂತು ಬನ್ನು ತಿಂದು ಎದ್ದು ಬಂದಿದ್ದೂ ಉಂಟು. ಆಮೇಲೆ ಅತ್ತೆಯ ಮಂಡಿ ಕೈಕೊಟ್ಟಿತು, ಮೊದಲು ಎಡಗಾಲು, ಆಮೇಲೆ ಬಲಗಾಲು. ಇನ್ನು ನಾನು ಬರಲ್ಲ ಎಂದು ಅವರು ಒಂದು ಸಂಜೆ ಬಸ್ಸಿನಲ್ಲಿ ಸಾಧಾರಣವಾಗಿ ಹೇಳಿದರು, ನಾಳೆ ಹಾಲು ಬೇಡ ಎಂದು ಹೇಳುವ ಹಾಗೆ. ಯಾರೂ ಒತ್ತಾಯ ಮಾಡಲಿಲ್ಲ. ಬೇಕರಿಯವನು ಮಾತ್ರ ಕಿಟಕಿಯ ಕಡೆ ತಿರುಗಿ ಕೂತ.

ಅಲ್ಲಿಂದ ಮುಂದೆ ಭಾನುವಾರ ಸಂಜೆ ಸೊಸೆ ಮನೆಗೆ ಬಂದ ಕೂಡಲೇ ಅತ್ತೆಯ ಹಾಸಿಗೆಯ ತುದಿಯಲ್ಲಿ ಕೂರಬೇಕಿತ್ತು. ಕೈಕಾಲು ತೊಳೆಯಲೂ ಬಿಡುತ್ತಿರಲಿಲ್ಲ. ಯಾವ ದಾರಿಯಲ್ಲಿ ಹೋದಿರಿ, ಒಡೆದ ಬಂಡೆಯ ಹತ್ತಿರ ನೀರಿತ್ತಾ, ಮೇಲೆ ಗಾಳಿ ಹೇಗಿತ್ತು, ಯಾರು ಮೊದಲು ಸುಸ್ತಾದರು. ಎಲ್ಲ ಬಿಡಿಸಿ ಹೇಳಬೇಕು. ಸೊಸೆ ಒಂದನ್ನು ಬಿಟ್ಟರೂ ಅತ್ತೆಗೆ ತಿಳಿಯುತ್ತಿತ್ತು. ಹೀಗೆ ಹತ್ತು ವರ್ಷ ನಡೆಯಿತು. ಕೊನೆಯ ಕೆಲವು ತಿಂಗಳು ಅವರು ಒಂದೇ ಪ್ರಶ್ನೆ ಹಿಡಿದುಕೊಂಡಿದ್ದರು. ದೊಡ್ಡ ಬೆಟ್ಟದ ದಿಣ್ಣೆಯ ಕೊನೆಗೆ ಒಂದು ಚಿಕ್ಕ ಶಿಖರವಿದೆ. ಕೊನೆಯ ಬಸ್ಸಿಗೆ ಹೊತ್ತಾಗುತ್ತದೆಂದು ಗುಂಪು ಪ್ರತಿ ಸಲವೂ ಅದಕ್ಕಿಂತ ಮುಂಚೆಯೇ ಹಿಂದಿರುಗುತ್ತಿತ್ತು.

"ಅದರ ಆ ಕಡೆ ಏನಿದೆಯೇ?" ಎಂದು ಕೇಳುತ್ತಿದ್ದರು.

ಗೊತ್ತಿಲ್ಲ ಅತ್ತೆ, ನಾವು ಹೋಗೇ ಇಲ್ಲವಲ್ಲ ಎನ್ನುತ್ತಿದ್ದಳು ಸೊಸೆ. ಸುಮ್ಮನೆ ಏನಾದರೂ ಕಟ್ಟಿ ಹೇಳಬಹುದಿತ್ತು. ಅತ್ತೆಗೆ ಸುಳ್ಳು ಹೇಳಲು ಅವಳಿಂದ ಆಗಲಿಲ್ಲ.

ಅತ್ತೆ ತೀರಿಕೊಂಡದ್ದು ಒಂದು ಮಂಗಳವಾರ ಮಧ್ಯಾಹ್ನ, ನಿದ್ದೆಯಲ್ಲಿ. ಎಂಬತ್ತು ದಾಟಿತ್ತು. ಗುಂಪಿನ ನಾಲ್ವರೂ ಬಂದು ಹೆಗಲು ಕೊಟ್ಟರು. ಅದಾದ ಮೂರನೆಯ ಭಾನುವಾರ, ಯಾರು ಮೊದಲು ಹೇಳಿದರೋ, ಬೆಳಗಿನ ಮೊದಲ ಬಸ್ಸಿಗೇ ಹೊರಟು ಆ ಶಿಖರಕ್ಕೆ ಹೋಗಿ ಬರೋಣ ಎಂದಾಯಿತು. ಡ್ರೈವರಣ್ಣ ಆಗಲೇ ಕೆಲಸದಿಂದ ನಿವೃತ್ತನಾಗಿದ್ದ. ಸ್ಟುಡಿಯೋದವನು ಹೊಟ್ಟೆ ಕರಗಿ ಅರ್ಧವಾಗಿದ್ದ. ದಿಣ್ಣೆಯ ಮೇಲೆ ಯಾರೂ ಚದುರಲಿಲ್ಲ, ಸಾಲಾಗಿ ನಡೆದರು. ಮೊದಮೊದಲು ಅತ್ತೆಯ ಮಾತು ಯಾರೂ ಎತ್ತಲಿಲ್ಲ. ಆಮೇಲೆ ಬೇಕರಿಯವನು, ಆ ಶುಕ್ರವಾರದ ಗಂಡ ಶನಿವಾರದ ಹೆಂಡತಿ ಕೊನೆಗೆ ಏನಾದರು ಎಂದು ಅಮ್ಮ ಹೇಳಲೇ ಇಲ್ಲವಲ್ಲ ಎಂದ. ಅಲ್ಲಿಂದ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು.

ಶಿಖರ ತಲುಪಿದಾಗ ಹನ್ನೊಂದು ಗಂಟೆ. ಐವರೂ ಆ ಕಡೆಗೆ ನೋಡಿದರು. ಮಹಾ ಏನೂ ಇರಲಿಲ್ಲ. ಅಗಲವಾದ ಕಣಿವೆ, ಅದರಲ್ಲೊಂದು ಸಣ್ಣ ಊರು, ಹತ್ತಿಪ್ಪತ್ತು ಮನೆ. ಒಂದು ಹಿತ್ತಲಲ್ಲಿ ಬಟ್ಟೆ ಒಣಗುತ್ತಿತ್ತು. ಶಾಲೆಯ ಬಯಲಿನಲ್ಲಿ ಮಕ್ಕಳು ಚೆಂಡಾಡುತ್ತಿದ್ದರು, ಅವರ ಕೂಗು ಬಹಳ ತಡವಾಗಿ, ಸಣ್ಣಗೆ ಮೇಲಕ್ಕೆ ಬರುತ್ತಿತ್ತು. ಅದರಾಚೆ ಇನ್ನೂ ಬೆಟ್ಟಗಳು. ಮೇಷ್ಟ್ರು ಪುಸ್ತಕ ತೆಗೆದು ಅಲ್ಲೇ ಕೂತು ಗೀಚಿಕೊಂಡರು. ಸೊಸೆ ಒಂದೊಂದನ್ನೂ ಕಣ್ಣಲ್ಲಿ ತುಂಬಿಕೊಂಡಳು. ಎಷ್ಟು ಮನೆ, ಯಾವ ಬಣ್ಣದ ಚಾವಣಿ, ರಸ್ತೆ ಎಲ್ಲಿ ತಿರುಗುತ್ತದೆ. ಹಾಗೆ ನೋಡುವುದು ಅವಳಿಗೆ ರೂಢಿಯಾಗಿ ಹೋಗಿತ್ತು. ಯಾರಿಗಾಗಿ ನೋಡುತ್ತಿದ್ದೇನೆ ಎಂದು ಹೊಳೆದದ್ದು ಇಳಿಯಲು ಎದ್ದಾಗ. ಅವಳು ಸ್ವಲ್ಪ ಹಿಂದೆ ಉಳಿದು, ಕಣ್ಣೊರೆಸಿಕೊಂಡು, ಆಮೇಲೆ ಹೊರಟಳು.

ಮನೆಗೆ ಬಂದಾಗ ಸಂಜೆ ಆರಾಗಿತ್ತು. ಗಂಡ ಅಮ್ಮನ ಕೋಣೆಯಲ್ಲಿದ್ದ. ಹಾಸಿಗೆಯನ್ನು ಸುತ್ತಿಟ್ಟಿದ್ದರು, ಬರಿಯ ಮಂಚದ ಮೇಲೆ ಕೂತು ಕಿಟಕಿಯ ಕೊಂಡಿ ಸರಿಮಾಡುತ್ತಿದ್ದ. ಅವಳನ್ನು ನೋಡಿ ಸ್ಕ್ರೂಡ್ರೈವರ್ ಕೆಳಗಿಟ್ಟು ಪಕ್ಕಕ್ಕೆ ಸರಿದ.

"ಹೋಗಿದ್ರಾ?" ಎಂದು ಕೇಳಿದ. "ಏನಿತ್ತು ಆ ಕಡೆ?"

ಅವಳು ಅವನ ಪಕ್ಕದಲ್ಲಿ ಕೂತು, ಬಸ್ಸು ಹತ್ತಿದಲ್ಲಿಂದ ಶುರು ಮಾಡಿದಳು.